ಗಾಳಿಯೇ ಒಣಗಿಸುವ ಮೀನು

ನಾರ್ವೆಯ ಉತ್ತರದಲ್ಲಿ, ಆರ್ಕ್ಟಿಕ್ ವೃತ್ತದಿಂದಲೂ ಆಚೆಗೆ, ಲೋಫೋಟನ್ ದ್ವೀಪಗಳಿವೆ. ಚಳಿಗಾಲದ ಕೊನೆಗೆ ಅಲ್ಲಿನ ಊರುಗಳ ಪಕ್ಕ ಎಲ್ಲಿ ನೋಡಿದರೂ ಮರದ ದೊಡ್ಡ ದೊಡ್ಡ ಅಟ್ಟಣೆಗಳು, ಅವುಗಳ ತುಂಬ ಮೀನು. ಈ ಅಟ್ಟಣೆಗೆ ಅಲ್ಲಿನವರು ‘ಯೆಲ್’ ಅಂತಾರೆ.

ಗೋಡೆ ಇಲ್ಲ, ಸೂರು ಇಲ್ಲ, ಬರೀ ಗಳುಗಳು. ತಲೆ, ಕರುಳು ತೆಗೆದ ಎರಡೆರಡು ಕಾಡ್ ಮೀನುಗಳ ಬಾಲ ಸೇರಿಸಿ ದಾರ ಬಿಗಿಯುತ್ತಾರೆ. ಗಳುವಿನ ಆಚೆ ಒಂದು, ಈಚೆ ಒಂದು ಬರುವಂತೆ ಜೋತುಹಾಕುತ್ತಾರೆ. ಅಷ್ಟೇ. ಒಂದು ಹರಳು ಉಪ್ಪೂ ಬೇಡ. ಸುಮಾರು ಮೂರು ತಿಂಗಳಲ್ಲಿ ಮೀನು ಕಟ್ಟಿಗೆಯಷ್ಟು ಗಟ್ಟಿಯಾಗುತ್ತದೆ, ತೂಕ ಐದನೇ ಒಂದು ಪಾಲಿಗೆ ಇಳಿಯುತ್ತದೆ.

ಉಪ್ಪಿಲ್ಲದೆ ಕೊಳೆಯಲ್ವಾ? ಇಲ್ಲಿ ಕೆಲಸ ಮಾಡುವುದು ಹವೆ. ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹದಿಂದಾಗಿ ಅಷ್ಟು ಉತ್ತರದಲ್ಲೂ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಜಾಸ್ತಿ ಬೆಚ್ಚಗಾದರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಜಾಸ್ತಿ ಹೆಪ್ಪುಗಟ್ಟಿದರೆ ಒಳಗಿನ ಮಂಜುಹರಳು ಮಾಂಸದ ಎಳೆಗಳನ್ನು ಒಡೆದು ಮೀನನ್ನು ಸ್ಪಂಜಿನಂತೆ ಮಾಡುತ್ತವೆ. ಇವೆರಡರ ನಡುವಿನ ಕಿರಿದಾದ ಜಾಗದಲ್ಲಿ, ಬಿಡದೆ ಬೀಸುವ ಗಾಳಿ ನೀರನ್ನು ಮೆಲ್ಲಗೆ ಎಳೆದುಕೊಳ್ಳುತ್ತದೆ. ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬದುಕು ನಡೆಸಲಾರವು.

ಮೀನಿನ ಗುಣವೂ ಕೂಡಿಬಂದಿದೆ. ಕಾಡ್ ತನ್ನ ಕೊಬ್ಬನ್ನು ಮಾಂಸದಲ್ಲಿ ಅಲ್ಲ, ಪಿತ್ತಜನಕಾಂಗದಲ್ಲಿ ಕೂಡಿಡುತ್ತದೆ. ಹಾಗಾಗಿ ಒಣಗಿದ ಮಾಂಸ ಕಮಟು ಹಿಡಿಯುವುದಿಲ್ಲ. ಮೊಟ್ಟೆ ಇಡಲು ಬ್ಯಾರೆಂಟ್ಸ್ ಸಮುದ್ರದಿಂದ ಈ ಮೀನು ಲೋಫೋಟನ್‌ಗೆ ಬರುವುದೂ ಸರಿಯಾಗಿ ಅದೇ ಚಳಿಗಾಲದಲ್ಲಿ! ನನಗೆ ಇದು ಎಷ್ಟು ಸಲ ಓದಿದರೂ ಬೆರಗು.

1432ರಲ್ಲಿ ಹಡಗು ಒಡೆದು ಲೋಫೋಟನ್‌ನ ರೋಸ್ಟ್ ದ್ವೀಪ ಸೇರಿದ್ದ ವೆನಿಸ್‌ನ ವ್ಯಾಪಾರಿ ಪಿಯೆತ್ರೊ ಕ್ವೆರಿನಿ ಈ ಒಣಮೀನಿನ ಬಗ್ಗೆ ಬರೆದಿಟ್ಟ. ಇಂದಿಗೂ ಇದನ್ನು ಹೆಚ್ಚು ಕೊಳ್ಳುವವರು ಇಟಲಿಯವರೇ. ಬೇರೆಯಾಗಿ ಒಣಗಿಸಿದ ತಲೆಗಳು ನೈಜೀರಿಯಾಕ್ಕೆ ಹೋಗಿ ಸಾರಿನೊಳಗೆ ಬೀಳುತ್ತವೆ. ವ್ಯಾಪಾರ ಇನ್ನೂ ಹಳೆಯದು: ಜರ್ಮನಿಯ ಹೈಥಾಬು ಎಂಬ ವೈಕಿಂಗ್ ಕಾಲದ ಪಟ್ಟಣದಲ್ಲಿ ಸಿಕ್ಕ ಕಾಡ್ ಮೂಳೆಗಳ ಡಿಎನ್ಎ ಪರೀಕ್ಷಿಸಿದಾಗ, ಅವು ಉತ್ತರದ ಈ ಮೀನಿನವೇ ಎಂದು 2017ರಲ್ಲಿ ತಿಳಿಯಿತು.

ಬೇಸಿಗೆ ಹೊತ್ತಿಗೆ ಗಳುಗಳು ಖಾಲಿ. ಮೀನು ಒಳಗೆ ಸೇರಿ ಇನ್ನಷ್ಟು ತಿಂಗಳು ಹದವಾಗುತ್ತದೆ. ಆಮೇಲೆ ಅನುಭವಸ್ಥರು ಒಂದೊಂದನ್ನೂ ಕೈಯಲ್ಲಿ ಹಿಡಿದು, ಒತ್ತಿ, ಮೂಸಿ ದರ್ಜೆ ಹೇಳುತ್ತಾರೆ. ಅವರ ಕೈ ಪಳಗಿದೆ, ಗಳುಗಳೂ ಗಟ್ಟಿಯಾಗಿವೆ. ನನ್ನ ಚಿಂತೆ ಹವೆಯದು. ವಸಂತ ಬೇಗ ಬೆಚ್ಚಗಾದರೆ, ಮೀನು ಒಣಗುವ ಮೊದಲೇ ನೊಣಗಳು ಬಂದು ಕೂರುತ್ತವೆ.