ಮುಟ್ಟಿನ ನೋವಿಗೆ ಮಾತ್ರೆ ಕೊಟ್ಟರೆ ಮುಂದೆ ಮಕ್ಕಳಾಗುವುದಿಲ್ಲವೇ?

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಮುಟ್ಟಾದ ಮೊದಲ ದಿನ ಹೊಟ್ಟೆನೋವು ತಡೆಯಲಾರದೆ ಪ್ರತಿ ತಿಂಗಳೂ ಸ್ಕೂಲಿಗೆ ರಜೆ ಹಾಕುತ್ತಾಳೆ. ಮಾತ್ರೆ ಕೊಟ್ಟರೆ ಗರ್ಭಕೋಶ ಹಾಳಾಗುತ್ತೆ ಅಂತ ನಮ್ಮತ್ತೆ ಬೇಡ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಒಮ್ಮೆ ವೈದ್ಯರಿಗೆ ತೋರಿಸಿ, ಅವರು ಹೇಳಿದ ಪ್ರಮಾಣದಲ್ಲಿ ಧೈರ್ಯವಾಗಿ ಕೊಡಿ. ಗರ್ಭಕೋಶಕ್ಕೆ ಏನೂ ಆಗುವುದಿಲ್ಲ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಮತ್ತೆ ಬರುವುದರಿಂದ ಈ ಸಲ ಬುಡದಿಂದಲೇ ಬಿಡಿಸಿ ಹೇಳುತ್ತೇನೆ.

ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಾಗಿ, ಅಲ್ಲಿನ ಸ್ನಾಯುವನ್ನು ಹಿಂಡುತ್ತದೆ. ನೋವು ಅದರದ್ದೇ. ಕರುಳಿಗೂ ಅದರ ಬಿಸಿ ತಟ್ಟುವುದರಿಂದ ಕೆಲವರಿಗೆ ವಾಂತಿ, ಭೇದಿ ಕೂಡ. ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್ ಮಾತ್ರೆಗಳು ಆ ರಾಸಾಯನಿಕ ತಯಾರಾಗುವುದನ್ನೇ ತಡೆಯುತ್ತವೆ. ಒಂದು ದಿನ ಕಳೆಯುವಷ್ಟರಲ್ಲಿ ಮೈಯಿಂದ ಹೊರಗೂ ಹೋಗಿರುತ್ತವೆ.

ಈ ಭಯಕ್ಕೆ ನೀರೆರೆಯುವ ಸಂಗತಿಗಳು ಎರಡು. ಮಾತ್ರೆ ತೆಗೆದುಕೊಂಡಾಗ ಸ್ರಾವ ಸ್ವಲ್ಪ ಕಡಿಮೆಯಾಗುತ್ತದೆ. ಅದನ್ನು ಕಂಡು 'ಕೆಟ್ಟ ರಕ್ತ ಒಳಗೇ ಕಟ್ಟಿಕೊಂಡಿತು' ಅನ್ನುತ್ತಾರೆ. ಮುಟ್ಟಿನ ರಕ್ತ ಕೆಟ್ಟ ರಕ್ತವಲ್ಲ, ಅದು ಎಲ್ಲೂ ಕಟ್ಟಿಕೊಂಡೂ ಇಲ್ಲ. ನಷ್ಟವಾಗಬೇಕಿದ್ದ ರಕ್ತ ಅಷ್ಟರಮಟ್ಟಿಗೆ ನಷ್ಟವಾಗಲಿಲ್ಲ, ಅಷ್ಟೇ. ಇನ್ನೊಂದು, ಹಬ್ಬಕ್ಕೋ ಗೃಹಪ್ರವೇಶಕ್ಕೋ ಮುಟ್ಟು ಮುಂದೂಡಲು ನುಂಗುವ ಮಾತ್ರೆ. ಅದು ಹಾರ್ಮೋನು, ಇದು ನೋವಿನ ಮಾತ್ರೆ. ಎರಡಕ್ಕೂ ಸಂಬಂಧವೇ ಇಲ್ಲ. ಆ ಹಾರ್ಮೋನು ಮಾತ್ರೆಯಿಂದಲೂ ಬಂಜೆತನ ಬರುವುದಿಲ್ಲ, ಆದರೆ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಮಗು ಬೇಕೆಂದು ಪ್ರಯತ್ನಿಸುವ ಹೆಂಗಸರಿಗೆ ಅಂಡ ಬಿಡುಗಡೆಯಾಗುವ ದಿನಗಳಲ್ಲಿ ನೋವಿನ ಮಾತ್ರೆ ಸತತವಾಗಿ ಬೇಡ ಎನ್ನುವುದುಂಟು. ಆ ಪರಿಣಾಮವೂ ತಾತ್ಕಾಲಿಕ. ಮುಟ್ಟಿನ ಎರಡು ದಿನ ನುಂಗುವ ಹುಡುಗಿಗೆ ಅದು ಅನ್ವಯಿಸುವುದೇ ಇಲ್ಲ.

ಹಾಳಾಗುವುದು ಹೊಟ್ಟೆ, ಅದೂ ಖಾಲಿ ಹೊಟ್ಟೆಯಲ್ಲಿ ನುಂಗಿದರೆ. ತಿಂಡಿ ತಿಂದ ಮೇಲೆಯೇ ಕೊಡಿ. ನೋವು ಏರಿದ ಮೇಲಲ್ಲ, ಶುರುವಾಗುತ್ತಿದ್ದಂತೆ. ಬೆಳಗ್ಗೆ ಎಂಟಕ್ಕೆ ಕೊಟ್ಟದ್ದು ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. 'ಮಾತ್ರೆ ಕೆಲಸ ಮಾಡಲ್ಲ' ಎಂಬ ದೂರು ಬಹಳ ಸಲ ಇಲ್ಲೇ ಹುಟ್ಟುತ್ತದೆ. ಎರಡನೆಯದನ್ನು ಬಿಸಿಯೂಟವಾದ ಮೇಲೆ, ಮೊದಲನೆಯದನ್ನು ನುಂಗಿ ಆರು ಗಂಟೆ ಕಳೆದಿದ್ದರೆ ನುಂಗಲಿ. ಎರಡು ಬಗೆಯ ನೋವಿನ ಮಾತ್ರೆ ಒಟ್ಟಿಗೆ ಬೇಡ. ಆಸ್ತಮಾ, ಅಲ್ಸರ್, ಕಿಡ್ನಿ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಡೆಂಗಿ ಶಂಕೆಯ ಜ್ವರವಿದ್ದರೆ ಕೊಡಲೇಬೇಡಿ. ಮೈಮೇಲೆ ದದ್ದು ಎದ್ದರೆ ನಿಲ್ಲಿಸಿ ವೈದ್ಯರ ಬಳಿ ಹೋಗಿ.

ಶಾಲೆಗೆ ಚೀಟಿ ಬರೆದುಕೊಡಿ: ಮಾತ್ರೆಯ ಹೆಸರು, ಪ್ರಮಾಣ, ಹೊತ್ತು. ಟೀಚರ್ ತಾವಾಗಿ ಮಾತ್ರೆ ಕೊಡುವಂತಿಲ್ಲ. ಅವರಿಂದ ಆಗಬೇಕಾದದ್ದು ಬೇರೆ. ಇಡೀ ಕ್ಲಾಸಿನೆದುರು ಕಾರಣ ಕೇಳದೆ ಶೌಚಾಲಯಕ್ಕೆ ಬಿಡಬೇಕು, ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಿಸಲು ನೀರು, ಮುಚ್ಚಳದ ಡಬ್ಬಿ ಇರಬೇಕು. ಸರ್ಕಾರ ಶುಚಿ ಯೋಜನೆಯಲ್ಲಿ ಉಚಿತವಾಗಿ ಕೊಡುವ ಪ್ಯಾಡ್ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಏನು ಪ್ರಯೋಜನ?

ಮೂರು ತಿಂಗಳು ಸರಿಯಾಗಿ ಕೊಟ್ಟರೂ ನೋವು ಬಗ್ಗದಿದ್ದರೆ, ಮುಟ್ಟಿಲ್ಲದ ದಿನವೂ ನೋವಿದ್ದರೆ, ಸ್ರಾವ ಏಳು ದಿನ ದಾಟಿದರೆ, ಗಂಟೆಗೊಂದು ಪ್ಯಾಡ್ ತೊಯ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. 'ಮದುವೆಯಾದರೆ ಸರಿಹೋಗುತ್ತೆ' ಎಂದು ಕಾಯಬೇಡಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಐರನ್ ಮಾತ್ರೆಯನ್ನು ಮುಟ್ಟಾಗಿದೆ ಎಂದು ಎಸೆಯುವ ಮಕ್ಕಳಿದ್ದಾರೆ. ರಕ್ತ ಹೋಗುವ ಹುಡುಗಿಗೇ ಕಬ್ಬಿಣಾಂಶ ಹೆಚ್ಚು ಬೇಕು. ಊಟವಾದ ಮೇಲೆ ನುಂಗಲಿ, ನಿಂಬೆ ಪಾನಕವಿದ್ದರೆ ಒಳ್ಳೆಯದು. ಕಾಫಿ, ಟೀ ಒಂದು ಗಂಟೆ ದೂರ ಇರಲಿ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಮಾತ್ರೆಯಲ್ಲಿರುವ ಕಬ್ಬಿಣದಿಂದ.