ಸೂಪಾದ ನೀರು, ಸಂಜೆಯ ಕರೆಂಟು

ಶಿರಸಿಯಲ್ಲಿ ನಮ್ಮ ಪಕ್ಕದ ಮನೆಯವರು ಮಾಡಿನ ಮೇಲೆ ಸೋಲಾರ್ ಹಾಕಿಸಿದ್ದಾರೆ. ಮೊನ್ನೆ ಮಟಮಟ ಮಧ್ಯಾಹ್ನ ಲೈನ್ ಹೋಯ್ತು, ಅವರ ಫ್ಯಾನೂ ನಿಂತಿತು. "ಇಷ್ಟು ಬಿಸಿಲಿದೆ, ಇದೆಂತ ಅವಸ್ಥೆ ಮಾರಾಯ್ರೆ?" ಎಂದರು. ಬ್ಯಾಟರಿ ಇಲ್ಲದ ಸೋಲಾರ್ ಹಾಗೇ. ಲೈನ್ ಹೋದರೆ ಇನ್ವರ್ಟರ್, ಅಂದರೆ ಸೋಲಾರ್ ಕರೆಂಟನ್ನು ಮನೆಗೂ ಲೈನಿಗೂ ಕೊಡುವ ಪೆಟ್ಟಿಗೆ, ತಾನೂ ಬಂದ್ ಆಗುತ್ತದೆ. ಇಲ್ಲದಿದ್ದರೆ ಆ ಕರೆಂಟು ಲೈನಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್ ಗತಿಯೇನು?

ರಾಜ್ಯದ ತಲೆನೋವು ಬೇರೆ. ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವಾಟ್‌ನದು. ಮಧ್ಯಾಹ್ನ ಕರೆಂಟು ಧಾರಾಳ, ಹೊತ್ತು ಮುಳುಗಿದರೆ ಸೊನ್ನೆ. ಮನೆಮನೆಯಲ್ಲಿ ಲೈಟು, ಟಿವಿ ಹಾಕುವುದು ಆಗಲೇ ಅಲ್ವಾ?

ಕೂಡಿಡುವ ಕೆಲಸ ನಮ್ಮ ಕಡೆ ಹೊಸದೇನಲ್ಲ. ಜೋಗದಲ್ಲಿ 1948ರಿಂದ ನೀರಿನಿಂದ ಕರೆಂಟು ತೆಗೆಯುತ್ತಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಎಂಬತ್ತರ ದಶಕದಲ್ಲಿ ಕಾಳಿ ನದಿಗೆ ಸೂಪಾ ಅಣೆಕಟ್ಟು ಎದ್ದಿತು: 101 ಮೀಟರ್ ಎತ್ತರ, ಸುಮಾರು 145 ಟಿಎಂಸಿ ನೀರು. ನಾಲ್ಕು ತಿಂಗಳ ಮಳೆಯನ್ನು ವರ್ಷವಿಡೀ ಬಳಸುವ ಲೆಕ್ಕ ಅದು. ಅದೇ ನೀರು ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಎಂದು ನಾಲ್ಕು ಕಡೆ ಟರ್ಬೈನ್ ತಿರುಗಿಸಿ ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಹಳೇ ಸೂಪಾ ಪೇಟೆ ಮಾತ್ರ ಮುಳುಗಿಹೋಯಿತು, ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು.

ಜಲವಿದ್ಯುತ್‌ನ ಯಂತ್ರ ಕೆಲವೇ ನಿಮಿಷಗಳಲ್ಲಿ ಶುರುವಾಗುತ್ತದೆ. ಹಗಲು ನೀರು ಹಿಡಿದು ಸಂಜೆ ಬಿಟ್ಟರೆ ಸೂಪಾವೇ ದೊಡ್ಡ ಬ್ಯಾಟರಿ. ಕೈಗಾದ ಅಣು ವಿದ್ಯುತ್ ಸ್ಥಾವರಕ್ಕೆ ಇದು ಒಗ್ಗುವುದಿಲ್ಲ. ಅಲ್ಲಿನ 220 ಮೆಗಾವಾಟ್‌ನ ನಾಲ್ಕು ಘಟಕಗಳು ಹಗಲೂ ರಾತ್ರಿಯೂ ಒಂದೇ ಸಮನೆ ಓಡುವಂಥವು.

ಆದರೆ ಸೂಪಾದಿಂದ ಇಳಿದ ನೀರು ಮತ್ತೆ ಮೇಲೆ ಹತ್ತುವುದಿಲ್ಲ. ಮಳೆ ಕೈಕೊಟ್ಟ ವರ್ಷವಂತೂ ಸಂಜೆಗೆ ಬಿಡಲೂ ಲೆಕ್ಕ ಹಾಕಬೇಕು. ಅದಕ್ಕೇ ಶರಾವತಿಯಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು. ಮಧ್ಯಾಹ್ನದ ಕರೆಂಟಿನಲ್ಲಿ ಹೊನ್ನಾವರ ತಾಲೂಕಿನ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಏರಿಸುವುದು, ಸಂಜೆ ಇಳಿಸುವುದು. ನೂರು ಯೂನಿಟ್ ಹಾಕಿದರೆ ಇಂಥ ಕಡೆ ಸಾಮಾನ್ಯವಾಗಿ 75-80 ವಾಪಸ್. ಎರಡೂ ಜಲಾಶಯ ಈಗಲೇ ಇವೆ, ಮಧ್ಯೆ ಸುರಂಗ, ರಸ್ತೆ ಬೇಕು. ಅದು ಸಿಂಗಳೀಕಗಳ ಕಾಡು. ವಿರೋಧ ಎದ್ದದ್ದು ಸುಮ್ನೆ ಅಲ್ಲ.

ಕೂಡಿಡಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮಳೆಗಾಲದಲ್ಲಿ ಬಿಸಿಲು ಕಡಿಮೆಯಾದರೂ ಗಾಳಿ ವಿದ್ಯುತ್ ಜಾಸ್ತಿ, ಜಲಾಶಯಗಳೂ ತುಂಬುತ್ತಿರುತ್ತವೆ. ಕಷ್ಟವೆಲ್ಲ ಬೇಸಿಗೆ ಸಂಜೆಯ ನಾಲ್ಕೈದು ತಾಸಿನದು. ಅದರಲ್ಲಿ ಸಬ್‌ಸ್ಟೇಷನ್ ಪಕ್ಕದ ಬ್ಯಾಟರಿ ಎಷ್ಟು ಹೊರುತ್ತದೆ, ಸೂಪಾ ಎಷ್ಟು? ಸುರಂಗ ಕೊರೆಯುವ ಮೊದಲು ಆ ಲೆಕ್ಕ ಹೊನ್ನಾವರದ ಜನರ ಮುಂದೆ ಇಡಲಿ.