ಹೊಗೆಗೂ ಒಂದು ಬಾಬ್ತು ಬೇಕು

ಬೇಸಿಗೆಯಲ್ಲಿ ಸತ್ಯಮಂಗಲದ ಕಾಡಿಗೆ ಬೆಂಕಿ ಬಿದ್ದರೆ, ತಮಿಳುನಾಡಿನ ಗಡಿಯಲ್ಲಿರುವ ತಾಳವಾಡಿ ಸೀಮೆಯ ಕನ್ನಡದ ಹಳ್ಳಿಗಳಲ್ಲಿ ಬಾಗಿಲು ಹಾಕಿಕೊಂಡು ಕೂತರೂ ಹೊಗೆ ತಪ್ಪುವುದಿಲ್ಲ. ಸೆಕೆ ಹೊರಹೋಗಲೆಂದು ಗೋಡೆಗೂ ಸೂರಿಗೂ ನಡುವೆ ಬಿಟ್ಟ ಸಂದು, ಹೆಂಚಿನ ಎಡೆಗಳು, ಎಲ್ಲವೂ ಅದಕ್ಕೆ ದಾರಿಯೇ. ರಾತ್ರಿ ನೆಲದ ಬಳಿಯ ಗಾಳಿ ತಣ್ಣಗಾಗಿ ಅದರ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕೂತುಬಿಟ್ಟರೆ, ಬೆಟ್ಟಗಳ ನಡುವಿನ ಊರುಗಳಲ್ಲಿ ಹೊಗೆ ಮೇಲೇಳದೆ ಬಿಸಿಲೇರುವವರೆಗೂ ತಂಗುತ್ತದೆ.

ಅಂಗಳದಲ್ಲಿ ಉದುರುವ ಕರಿಬೂದಿ ಕಣ್ಣಿಗೆ ಕಾಣುತ್ತದೆ. ಅಪಾಯ ಇರುವುದು ಕಾಣದ ಕಣಗಳಲ್ಲಿ. 2.5 ಮೈಕ್ರಾನಿಗಿಂತ ಸಣ್ಣದಾದ ಇವು ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಪಾಲೂ ಇರುವುದಿಲ್ಲವಾದ್ದರಿಂದ ಶ್ವಾಸಕೋಶದ ತುದಿಯವರೆಗೂ ಇಳಿಯುತ್ತವೆ, ಮುಖಕ್ಕೆ ಸುತ್ತಿದ ಟವೆಲಿಗೆ ಸಿಗುವುದಿಲ್ಲ. ಒಂದು ಘನ ಮೀಟರ್ ಗಾಳಿಯಲ್ಲಿ ಇವುಗಳ 24 ಗಂಟೆಯ ಸರಾಸರಿ 60 ಮೈಕ್ರೋಗ್ರಾಂ ದಾಟಬಾರದೆಂಬುದು ಭಾರತದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಮನೆಮನೆಯ ಸೂರನ್ನೂ ಬಿಗಿ ಮಾಡುವುದು ಆಗದ ಮಾತು. ಆದರೆ ಊರಿಗೊಂದು ಕೋಣೆಯನ್ನು ಮಾಡಬಹುದು: ತಾರಸಿಯ ಅಂಗನವಾಡಿಯಲ್ಲೋ ಶಾಲೆಯಲ್ಲೋ ಕಿಟಕಿಯ ಸಂದುಗಳನ್ನು ಮುಚ್ಚಿ, ಗಾಳಿಯ ಸಣ್ಣ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರಿನ, ಕೋಣೆಯ ಅಳತೆಗೆ ತಕ್ಕ ಯಂತ್ರವಿಟ್ಟು, ದಮ್ಮಿನವರನ್ನೂ ಬಸುರಿಯರನ್ನೂ ಎಳೆಮಕ್ಕಳನ್ನೂ ಅಲ್ಲಿ ಕೂರಿಸುವುದು. ಈ ಫಿಲ್ಟರ್ ಬರಿಯ ಜರಡಿಯಲ್ಲ. ಅತಿ ಸಣ್ಣ ಕಣಗಳು ಗಾಳಿಯ ಅಣುಗಳ ತಾಡನಕ್ಕೆ ಅಡ್ಡಾದಿಡ್ಡಿ ಚಲಿಸುತ್ತ ಅದರ ನೂಲಿಗೆ ತಗುಲಿ ಅಲ್ಲೇ ಅಂಟಿಕೊಳ್ಳುತ್ತವೆ. ಶಾಲೆ ಮತ್ತು ಸಾರ್ವಜನಿಕ ಕಟ್ಟಡಗಳನ್ನು ಕಾಡ್ಗಿಚ್ಚಿನ ಹೊಗೆಗೆ ಸಜ್ಜುಗೊಳಿಸಲೆಂದೇ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ ಅನುದಾನಕ್ಕೆ ಅರ್ಜಿ ಕರೆದಿತ್ತು.

ನಮ್ಮಲ್ಲಿ ಕಾಡಿನ ಬೆಂಕಿ ಹಬ್ಬದಂತೆ ಬೆಂಕಿರೇಖೆ ತೆಗೆಯಲು, ಕಾವಲುಗಾರರನ್ನು ನೇಮಿಸಲು ಹಣವುಂಟು, ಅದು ಬೇಕಾದದ್ದೇ. (ಬೇಸಿಗೆ ಬಲಿಯುವ ಮೊದಲೇ ಸೋಲಿಗರು ಹಚ್ಚುತ್ತಿದ್ದ ತರಗುಬೆಂಕಿಯನ್ನು ನಿಲ್ಲಿಸಿದ್ದು ಜಾಣತನವಾಗಿತ್ತೇ ಎಂಬುದು ಬೇರೆಯೇ ಚರ್ಚೆ.) 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಹಣ ಹರಿಯುವುದು ಪಟ್ಟಿಯಲ್ಲಿರುವ ನಗರಗಳಿಗೆ, ಕಾಡಂಚಿನ ಹಳ್ಳಿಗಳಿಗಲ್ಲ. ಹದಿನೈದನೆಯ ಹಣಕಾಸು ಆಯೋಗವು ರಾಜ್ಯಗಳ ವಿಪತ್ತು ನಿಧಿಯಲ್ಲಿ ನೂರಕ್ಕೆ 20 ಪಾಲನ್ನು ಮುನ್ನೆಚ್ಚರಿಕೆಯ ಕೆಲಸಗಳಿಗೆಂದು ಬೇರ್ಪಡಿಸಿತು; ನನ್ನ ಎಣಿಕೆಯಲ್ಲಿ ಹೊಗೆಯಿಂದ ಕಾಯುವ ಕೋಣೆಗೆ ಒಪ್ಪುವುದು ಇಂಥ ಬಾಬ್ತೇ.

ಯಂತ್ರ ಕೊಳ್ಳುವುದು ಒಂದೇ ಸಲದ ಖರ್ಚು. ಹೊಗೆ ಕುಡಿದು ಕಪ್ಪಾದ ಫಿಲ್ಟರನ್ನು ಬದಲಿಸುವುದು, ಕರೆಂಟು ಹೋದಾಗ ಫ್ಯಾನು ತಿರುಗಿಸುವ ಬ್ಯಾಟರಿಯನ್ನು ನೋಡಿಕೊಳ್ಳುವುದು, ನಡುರಾತ್ರಿ ಬೀಗದ ಕೈ ಯಾರ ಬಳಿ ಇರಬೇಕೆಂದು ಗೊತ್ತುಮಾಡುವುದು, ಇವೆಲ್ಲ ವರ್ಷವರ್ಷದ ಲೆಕ್ಕ. ಅನುದಾನದ ಅರ್ಜಿಯಲ್ಲಿ ಇವನ್ನು ಮೊದಲೇ ಬರೆದಿರಬೇಕು.